ಬೆವರು ಹರಿದಷ್ಟೂ ಕೊಬ್ಬು ಕರಗುತ್ತಾ? ರಕ್ತದ ಪ್ರಮಾಣ ಮತ್ತು ಓಡುವಾಗ ದೇಹ ಉರಿಸುವ ಇಂಧನ

ತುಂಗಾತೀರದ ಓಟ:

ನಮ್ಮೂರ ಮೈದಾನಕ್ಕೆ ಬೆಳಿಗ್ಗೆ ಓಡಲು ಬರುವವರಲ್ಲಿ ಈಗ ಸುಮಾರು ಜನ ಪ್ಲಾಸ್ಟಿಕ್ ಜಾಕೆಟ್ ಹಾಕಿಕೊಂಡು ಬರುತ್ತಿದ್ದಾರೆ. ಏಪ್ರಿಲ್ ಸೆಕೆಯಲ್ಲೂ ಬಿಡಲ್ಲ. ಓಟ ಮುಗಿಯುವವರೆಗೆ ನೀರು ಮುಟ್ಟಲ್ಲ. ಕೇಳಿದರೆ "ನೀರು ಕುಡಿದ್ರೆ ಕೊಬ್ಬು ಕರಗಲ್ಲ ಸರ್" ಅಂತಾರೆ. ನಾನು ದೈಹಿಕ ಶಿಕ್ಷಣದ ಹುಡುಗರಿಗೆ ಶರೀರಶಾಸ್ತ್ರ ಪಾಠ ಮಾಡುವವನು. ಇವರು ನಂಬಿರುವುದು ಪೂರ್ತಿ ಉಲ್ಟಾ. ಹಾಗಾಗಿ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ, ಗೊತ್ತಿರುವವರು ಸೇರಿಸಿ.

ಮೊದಲು ರಕ್ತದ ಲೆಕ್ಕ. 70 ಕೆಜಿ ತೂಕದ ಗಂಡಸಿನ ಮೈಯಲ್ಲಿ ಸುಮಾರು 5 ಲೀಟರ್ ರಕ್ತ ಇರುತ್ತದೆ. ಅದರಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಪ್ಲಾಸ್ಮಾ, ಅಂದರೆ ಕೆಂಪುಕಣಗಳು ತೇಲಾಡುವ ಹಳದಿ ದ್ರವ. ಪ್ಲಾಸ್ಮಾದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರೇ. ಓಡುವಾಗ ಈ 5 ಲೀಟರಿಗೆ ಎರಡು ಕಡೆಯಿಂದ ಬೇಡಿಕೆ. ಕಾಲಿನ ಸ್ನಾಯುಗಳಿಗೆ ಆಕ್ಸಿಜನ್ ಬೇಕು. ಒಳಗಿನ ಬಿಸಿಯನ್ನು ಹೊರಗೆ ಹಾಕಲು ಚರ್ಮಕ್ಕೂ ರಕ್ತ ಬೇಕು. ಬೇಸಿಗೆಯ ಕೆರೆಯಲ್ಲಿ ಎರಡು ತೂಬನ್ನೂ ಒಟ್ಟಿಗೇ ಎತ್ತಿದ ಹಾಗೆ. ಅದರ ಜೊತೆಗೆ ಬೆವರಾಗಿ ನೀರು ಹೋಗುತ್ತಾ ಒಟ್ಟು ರಕ್ತವೇ ಕಮ್ಮಿಯಾಗುತ್ತಿರುತ್ತದೆ. ಆಗ ಹೃದಯಕ್ಕೆ ವಾಪಸ್ ಬರುವ ರಕ್ತ ಕಮ್ಮಿ, ಒಂದು ಬಡಿತಕ್ಕೆ ಹೊರಗೆ ಹೋಗುವ ರಕ್ತವೂ ಕಮ್ಮಿ, ಅದನ್ನು ಸರಿದೂಗಿಸಲು ಬಡಿತ ಜಾಸ್ತಿ. ವೇಗ ಬದಲಾಗದಿದ್ದರೂ ಗಂಟೆ ಕಳೆದ ಮೇಲೆ ವಾಚಿನಲ್ಲಿ ಹಾರ್ಟ್ ರೇಟ್ 145ರಿಂದ 160ಕ್ಕೆ ಹತ್ತುವುದು ಹೀಗೆ.

ಈಗ ಇಂಧನ. ದೇಹ ಓಡುವಾಗ ಉರಿಸುವುದು ಮುಖ್ಯವಾಗಿ ಎರಡು, ಸಕ್ಕರೆ ಮತ್ತು ಕೊಬ್ಬು. ಸಕ್ಕರೆ ಗ್ಲೈಕೋಜನ್ ಅನ್ನುವ ದಾಸ್ತಾನಾಗಿ ಸ್ನಾಯುಗಳಲ್ಲಿ 400-500 ಗ್ರಾಂ, ಲಿವರ್‌ನಲ್ಲಿ ಸುಮಾರು 100 ಗ್ರಾಂ ಇರುತ್ತದೆ, ಅಷ್ಟೇ. ಕೊಬ್ಬು ಸಣಕಲು ಮನುಷ್ಯನಲ್ಲೂ ಕೆಜಿಗಟ್ಟಲೆ ಇದೆ. ಯಾವುದು ಎಷ್ಟು ಉರಿಯುತ್ತದೆ ಅನ್ನುವುದು ವೇಗದ ಮೇಲೆ, ಊಟದ ಮೇಲೆ, ತರಬೇತಿಯ ಮೇಲೆ ನಿಂತಿದೆ. ರಕ್ತ ಎಷ್ಟಿದೆ ಅನ್ನುವುದರ ಮೇಲೂ ನಿಂತಿದೆ. ಇದನ್ನು ಯಾರೂ ಹೇಳಲ್ಲ.

1999ರಲ್ಲಿ ಗೊನ್ಸಾಲೆಸ್ ಅಲೋನ್ಸೊ ಮತ್ತು ಅವರ ಜೊತೆಗಾರರು ಪ್ರಕಟಿಸಿದ ಒಂದು ಪ್ರಯೋಗ ಇದೆ. 7 ಜನ ಸೈಕಲ್ ಸವಾರರು, 35 ಡಿಗ್ರಿ ಸೆಕೆ, ತಮ್ಮ ಗರಿಷ್ಠ ಸಾಮರ್ಥ್ಯದ ಸುಮಾರು 61% ಶ್ರಮ. ಮೊದಲ ಸಲ ದೇಹ ಒಣಗುತ್ತಾ ಹೋಗಲು ಬಿಟ್ಟು, ಕೈಲಾಗದೆ ನಿಲ್ಲುವವರೆಗೂ ತುಳಿಸಿದರು. ಸುಮಾರು 135 ನಿಮಿಷಕ್ಕೆ ನಿಂತರು. ಅಷ್ಟರಲ್ಲಿ ತೂಕ 3.9% ಇಳಿದಿತ್ತು. ವಾರ ಬಿಟ್ಟು ಅದೇ ಜನ, ಅದೇ ಶ್ರಮ, ಅಷ್ಟೇ ಹೊತ್ತು, ಆದರೆ ಬೆವರಿಗೆ ಸರಿಯಾಗಿ ನೀರು ಕೊಟ್ಟು. ಒಣಗಿದ ದಿನ ಸ್ನಾಯುವಿನ ಗ್ಲೈಕೋಜನ್ 45% ಜಾಸ್ತಿ ಖರ್ಚಾಗಿತ್ತು. ಕಾಲಿನ ಸ್ನಾಯುಗಳು ರಕ್ತದಿಂದ ಎಳೆದುಕೊಂಡ ಕೊಬ್ಬಿನ ಆಮ್ಲ ಕಮ್ಮಿಯಾಗಿತ್ತು.

ಅಂದರೆ ನೀರು ಬಿಟ್ಟು ಬೆವರು ಹರಿಸಿದರೆ ಸಕ್ಕರೆ ಜಾಸ್ತಿ ಉರಿಯುತ್ತದೆ, ಕೊಬ್ಬು ಕಮ್ಮಿ ಉರಿಯುತ್ತದೆ. ಜಾಕೆಟ್ ಹಾಕಿದವರು ಬಯಸಿದ್ದಕ್ಕೆ ತದ್ವಿರುದ್ಧ.

ಹಾಸನದ ಹುಡುಗ:

ಸರ್, ಒಂದು ಡೌಟ್. ನಾನೂ ಜಾಕೆಟ್ ಹಾಕಿಯೇ ಓಡೋದು. ಓಡಿ ಬಂದು ತೂಕ ನೋಡಿದ್ರೆ ಪಕ್ಕಾ ಒಂದು ಕೆಜಿ ಇಳಿದಿರುತ್ತೆ. ಕೊಬ್ಬು ಕರಗದೆ ತೂಕ ಹೇಗೆ ಇಳಿಯುತ್ತೆ? ನಮ್ಮ ಜಿಮ್‌ನಲ್ಲಿ ಎಲ್ಲರೂ ಹೊಟ್ಟೆಗೆ ಬೆಲ್ಟ್ ಬೇರೆ ಕಟ್ಟಿಕೊಳ್ತಾರೆ.

ತುಂಗಾತೀರದ ಓಟ:

ಇಳಿದದ್ದು ನೀರಪ್ಪ. ಲೆಕ್ಕ ಹಾಕಿ ನೋಡು. ಮೈಯಲ್ಲಿರುವ ಒಂದು ಕೆಜಿ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಶಕ್ತಿ ಇರುತ್ತದೆ. ಓಡುವಾಗ ಒಂದು ಕೆಜಿ ದೇಹತೂಕಕ್ಕೆ ಒಂದು ಕಿಲೋಮೀಟರಿಗೆ ಹೆಚ್ಚುಕಮ್ಮಿ ಒಂದು ಕ್ಯಾಲೊರಿ ಖರ್ಚು. ನೀನು 70 ಕೆಜಿ ಇದ್ದರೆ ಕಿಲೋಮೀಟರಿಗೆ 70. ಬರೀ ಕೊಬ್ಬೇ ಉರಿಯಿತು ಅಂತ ಇಟ್ಟುಕೊಂಡರೂ ಒಂದು ಕೆಜಿ ಕರಗಿಸಲು 110 ಕಿಲೋಮೀಟರ್ ಓಡಬೇಕು. ಬೆಳಿಗ್ಗೆ ಒಂದು ಗಂಟೆಯಲ್ಲಿ ಅದು ಆಗಲ್ಲ ಅಲ್ವಾ. ಎರಡು ಚೊಂಬು ನೀರು ಕುಡಿದರೆ ಆ ಕೆಜಿ ವಾಪಸ್ ಬರುತ್ತದೆ. ಬರಲೇಬೇಕು ಕೂಡ.

ಇನ್ನೊಂದು ವಿಷಯ. ಬೆವರು ಬಂದರಷ್ಟೇ ಸಾಲದು, ಅದು ಚರ್ಮದ ಮೇಲೆ ಆರಬೇಕು. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ಸುಮಾರು 580 ಕ್ಯಾಲೊರಿಯಷ್ಟು ಬಿಸಿ ದೇಹದಿಂದ ಹೊರಗೆ ಹೋಗುತ್ತದೆ. ಪ್ಲಾಸ್ಟಿಕ್ ಒಳಗೆ ಅದು ಆರಲ್ಲ, ಇಳಿದು ಸಾಕ್ಸ್ ಸೇರುತ್ತದೆ. ರಕ್ತದ ನೀರೂ ಹೋಯಿತು, ಮೈಯೂ ತಣಿಯಲಿಲ್ಲ. ಬೆಲ್ಟ್ ಕಥೆಯೂ ಅಷ್ಟೇ. ಹೊಟ್ಟೆ ಮೇಲೆ ಬೆವರು ಬಂದರೆ ಹೊಟ್ಟೆಯ ಕೊಬ್ಬು ಕರಗಲ್ಲ.

ಗರಡಿ ಮನೆ:

ದಾವಣಗೆರೆ ಕಡೆಯವನು. ನಾವು ಕುಸ್ತಿಯವರು ತೂಕ ಇಳಿಸಲು ಇದನ್ನೇ ಮಾಡುವುದು. ತೂಕದ ಹಿಂದಿನ ದಿನ ನೀರು ಬಂದ್, ಸ್ವೆಟರ್ ಮೇಲೆ ಸ್ವೆಟರ್, ಓಟ. ಕೊಬ್ಬು ಕರಗಲ್ಲ ಅಂತ ನಮಗೂ ಗೊತ್ತು, ನಮಗೆ ಬೇಕಾಗಿರುವುದು ತಕ್ಕಡಿ ಮೇಲಿನ ಅಂಕಿ ಮಾತ್ರ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ವಿನೇಶ್ ಫೋಗಟ್‌ಗೆ 100 ಗ್ರಾಂ ಜಾಸ್ತಿ ಬಂದು ಫೈನಲ್ ಕೈತಪ್ಪಿದ್ದನ್ನು ನೋಡಿ ನಾವೆಲ್ಲ ಅತ್ತಿದ್ದೇವೆ. ಆ 100 ಗ್ರಾಂ ಏನು ಅಂತ ಗರಡಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನನ್ನ ಪ್ರಶ್ನೆ ಬೇರೆ. ತೂಕ ಕೊಟ್ಟ ಮೇಲೆ ಗಟಗಟ ನೀರು ಕುಡಿದು ಅಖಾಡಕ್ಕೆ ಇಳಿದರೂ ಎರಡನೇ ಸುತ್ತಿಗೆ ಕೈಕಾಲು ಸೋಲುತ್ತದೆ. ಅದ್ಯಾಕೆ?

ತುಂಗಾತೀರದ ಓಟ:

ಬಹಳ ಒಳ್ಳೆ ಪ್ರಶ್ನೆ ಅಣ್ಣ. ಎರಡು ನಷ್ಟ ಒಟ್ಟಿಗೇ ಆಗಿರುತ್ತದೆ. ಒಣಗಿದ ಮೈಯಲ್ಲಿ ಸ್ವೆಟರ್ ಹಾಕಿ ಓಡಿದಾಗಲೇ ಗ್ಲೈಕೋಜನ್ ಕರಗಿರುತ್ತದೆ, ಅನ್ನ ಚಪಾತಿ ಬಿಟ್ಟಿದ್ದರಿಂದ ತುಂಬಿಕೊಂಡೂ ಇರುವುದಿಲ್ಲ. ಕುಸ್ತಿಯಂಥ ಬಿರುಸಿನ ಆಟಕ್ಕೆ ಕೊಬ್ಬು ಒದಗಿ ಬರಲ್ಲ, ಅಲ್ಲಿ ಗ್ಲೈಕೋಜನ್ನೇ ಬೇಕು. ಎರಡನೆಯದು, ಕುಡಿದ ನೀರು ಕರುಳಿನಿಂದ ರಕ್ತಕ್ಕೆ ಬಂದು, ಅಲ್ಲೇ ನಿಲ್ಲಬೇಕಾದರೆ ಉಪ್ಪು ಬೇಕು. ಬರೀ ನೀರು ಗಟಗಟ ಕುಡಿದರೆ ಸುಮಾರು ಪಾಲು ಮೂತ್ರವಾಗಿ ಹೋಗುತ್ತದೆ. ಓಆರ್‌ಎಸ್, ಉಪ್ಪು ಹಾಕಿದ ಗಂಜಿ, ಮಜ್ಜಿಗೆ, ಇವನ್ನು ಸ್ವಲ್ಪ ಸ್ವಲ್ಪವಾಗಿ ತೆಗೆದುಕೊಂಡರೆ ರಕ್ತದ ಪ್ರಮಾಣ ಬೇಗ ಮೇಲೆ ಬರುತ್ತದೆ.

ಒಂದು ಮಾತು ನಿಮ್ಮ ಹುಡುಗರಿಗೆ ಹೇಳಲೇಬೇಕು. 1997ರ ಕೊನೆಯಲ್ಲಿ ಅಮೆರಿಕದಲ್ಲಿ ಮೂವರು ಕಾಲೇಜು ಕುಸ್ತಿಪಟುಗಳು ಹೀಗೆ ತೂಕ ಇಳಿಸಲು ಹೋಗಿಯೇ ಸತ್ತರು. ಅದಾದ ಮೇಲೆ ಅಲ್ಲಿನ ಕಾಲೇಜು ಕುಸ್ತಿಯಲ್ಲಿ ರಬ್ಬರ್ ಸೂಟ್ ನಿಷೇಧ ಮಾಡಿದರು. ನೀರು ಕಮ್ಮಿಯಾಗಿ ರಕ್ತ ಮಂದವಾಗಿ, ಮೈ ಬಿಸಿಯೇರಿ, ಹೃದಯದ ಲಯ ತಪ್ಪುವುದಕ್ಕೆ ಹರೆಯ ಅಡ್ಡ ಬರಲ್ಲ.

ಲೆಕ್ಕಾಚಾರ:

ಚರ್ಚೆ ಚೆನ್ನಾಗಿದೆ. ಆದರೆ ತಲೆಬರಹದಲ್ಲಿ "ರಕ್ತದ ಪ್ರಮಾಣ" ಅಂತ ಹಾಕಿದ್ದೀರಲ್ಲ, ಅದರ ಬಗ್ಗೆ ನನಗೊಂದು ತಕರಾರಿದೆ. ನೀವು ಹೇಳಿದ ಪ್ರಯೋಗವನ್ನು ನಾನೂ ಓದಿದ್ದೇನೆ. ಒಣಗಿದ ದಿನ ಕಾಲಿಗೆ ಹೋಗುವ ರಕ್ತ ಕೊನೆಯಲ್ಲಿ ನಿಮಿಷಕ್ಕೆ 1 ಲೀಟರ್‌ನಷ್ಟು ಕಮ್ಮಿ ಆಗಿತ್ತು, ಅದು ನಿಜ. ಆದರೂ ಕಾಲಿಗೆ ತಲುಪಿದ ಸಕ್ಕರೆಯೂ ಕೊಬ್ಬಿನ ಆಮ್ಲವೂ ಕಮ್ಮಿಯಾಗಿರಲಿಲ್ಲ ಅಂತ ಅವರೇ ಬರೆದಿದ್ದಾರೆ. ಅಂದಮೇಲೆ "ರಕ್ತ ಕಮ್ಮಿ, ಕೊಬ್ಬು ತಲುಪಲಿಲ್ಲ, ಅದಕ್ಕೆ ಸಕ್ಕರೆ ಉರಿಯಿತು" ಅನ್ನುವ ನೇರ ಕಥೆ ನಿಲ್ಲಲ್ಲ. ಇನ್ನೊಂದು, ಅವರು ಕೈಚೆಲ್ಲಿ ನಿಂತಾಗ ಸ್ನಾಯುವಿನಲ್ಲಿ ಗ್ಲೈಕೋಜನ್ ಇನ್ನೂ ಸಾಕಷ್ಟಿತ್ತು. ಅವರನ್ನು ನಿಲ್ಲಿಸಿದ್ದು ಮೈ ಬಿಸಿ, ಹತ್ತಿರ ಹತ್ತಿರ 40 ಡಿಗ್ರಿ. ಇಂಧನ ಮುಗಿದು ನಿಂತದ್ದಲ್ಲ.

ತುಂಗಾತೀರದ ಓಟ:

ಸರಿಯಾದ ಜಾಗಕ್ಕೇ ಕೈ ಹಾಕಿದಿರಿ. ಆ ನೇರ ಕಥೆ ನನ್ನದಲ್ಲ, ನಡುವೆ ಒಂದು ಕೊಂಡಿ ಇದೆ.

ರಕ್ತ ಕಮ್ಮಿಯಾದದ್ದನ್ನು ದೇಹ ಮೊದಲು ಒತ್ತಡದ ಮೂಲಕ ಪತ್ತೆ ಹಚ್ಚುತ್ತದೆ. ಹೃದಯದ ಕೋಣೆಗಳಲ್ಲಿ, ಕುತ್ತಿಗೆಯ ರಕ್ತನಾಳದಲ್ಲಿ ಅದಕ್ಕಾಗಿಯೇ ನರದ ತುದಿಗಳಿವೆ. ಅವು ಸುದ್ದಿ ಕೊಟ್ಟ ಕೂಡಲೇ ನರಮಂಡಲ ಚುರುಕಾಗಿ ಅಡ್ರಿನಲಿನ್, ನಾರ್‌ಅಡ್ರಿನಲಿನ್ ಜಾಸ್ತಿ ಬಿಡುತ್ತದೆ. ಈ ಅಡ್ರಿನಲಿನ್ ಸ್ನಾಯುವಿನೊಳಗೆ ಗ್ಲೈಕೋಜನ್ ಒಡೆಯುವ ಕಿಣ್ವವನ್ನು ಎಬ್ಬಿಸುತ್ತದೆ. ಅದರ ಜೊತೆಗೆ ಚರ್ಮಕ್ಕೆ ರಕ್ತ ಸಾಲದೆ ಮೈ ಬಿಸಿಯೇರುತ್ತದೆ, ಬಿಸಿಯಾದ ಸ್ನಾಯು ತಾನಾಗಿಯೇ ಗ್ಲೈಕೋಜನ್ ಜಾಸ್ತಿ ಒಡೆಯುತ್ತದೆ. ಹೀಗೆ ರಕ್ತದ ಪ್ರಮಾಣದ ಕೆಲಸ ನಡೆಯುವುದು ಅಡ್ರಿನಲಿನ್ ಮತ್ತು ಬಿಸಿ ಎರಡರ ಮೂಲಕ. ಕೊಬ್ಬು ಬಾಗಿಲವರೆಗೆ ಬಂದರೂ ಸ್ನಾಯು ಒಳಗೆ ತೆಗೆದುಕೊಳ್ಳುವುದು ಕಮ್ಮಿಯಾಗುತ್ತದೆ. ಸಕ್ಕರೆ ಬಿರುಸಾಗಿ ಒಡೆಯುತ್ತಿರುವಾಗ ಕೊಬ್ಬಿನ ಸರದಿ ಹಿಂದೆ ಬೀಳುತ್ತದೆ.

ನಿಲ್ಲಿಸಿದ್ದು ಬಿಸಿ ಅನ್ನುವುದನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಅಷ್ಟು ಸೆಕೆ ಇಲ್ಲದ ದಿನ ಮ್ಯಾರಥಾನ್ ಓಡುವವರಿಗೆ 30 ಕಿಲೋಮೀಟರ್ ದಾಟಿದ ಮೇಲೆ ಗ್ಲೈಕೋಜನ್ನೇ ಪ್ರಶ್ನೆ. ಆಸ್ಟ್ರೇಲಿಯಾದ ಮಾರ್ಕ್ ಹಾರ್ಗ್ರೀವ್ಸ್ ತಂಡ 1996ರಲ್ಲಿ ತೋರಿಸಿದ್ದು ಇದಕ್ಕೆ ಹತ್ತಿರ. 2 ಗಂಟೆ ಸೈಕಲ್ ತುಳಿಯುವಾಗ ಬರೀ ನೀರು ಕುಡಿಸಿದ್ದಕ್ಕೇ ಗ್ಲೈಕೋಜನ್ ಖರ್ಚು 16% ಕಮ್ಮಿಯಾಯಿತು. ಸಕ್ಕರೆ ಹಾಕದ ನೀರು ಸಕ್ಕರೆಯನ್ನು ಉಳಿಸಿತು. ನನ್ನ ಹುಡುಗರಿಗೆ ಈ ಪಾಠ ಮಾಡುವಾಗಲೆಲ್ಲ ಇಲ್ಲಿ ನಿಲ್ಲಿಸಿ ಇನ್ನೊಂದು ಸಲ ಹೇಳುತ್ತೇನೆ.

ಲೆಕ್ಕಾಚಾರ:

ಈಗ ಸರಿಯಾಯಿತು. ಇದಕ್ಕೆ ನನ್ನದೊಂದು ಸೇರ್ಪಡೆ. ತರಬೇತಿ ನಿಲ್ಲಿಸಿದಾಗ ಮೊದಲು ಹೋಗುವುದೂ ರಕ್ತವೇ. ಟೆಕ್ಸಸ್‌ನ ಎಡ್ವರ್ಡ್ ಕೊಯ್ಲ್ ತಂಡ 1986ರಲ್ಲಿ ಪಳಗಿದ ಕ್ರೀಡಾಪಟುಗಳನ್ನು 2ರಿಂದ 4 ವಾರ ಸುಮ್ನೆ ಕೂರಿಸಿತು. ರಕ್ತದ ಪ್ರಮಾಣ 9% ಇಳಿಯಿತು, ಒಂದು ಬಡಿತಕ್ಕೆ ಹೃದಯ ತಳ್ಳುವ ರಕ್ತ 12% ಇಳಿಯಿತು. ಆಮೇಲೆ ಡೆಕ್ಸ್‌ಟ್ರಾನ್ ದ್ರಾವಣ ಏರಿಸಿ ಪ್ಲಾಸ್ಮಾ ತುಂಬಿಸಿದರೆ ಹೃದಯದ ಕೆಲಸ ಹೆಚ್ಚುಕಮ್ಮಿ ಹಿಂದಿನಂತೆ ಆಯಿತು. ಅಂದರೆ ಅಷ್ಟು ದಿನದಲ್ಲಿ ಹೃದಯ ಸೋತಿರಲಿಲ್ಲ, ಅದಕ್ಕೆ ಸಿಗುವ ರಕ್ತ ಕಮ್ಮಿಯಾಗಿತ್ತು. ಹಬ್ಬ, ಮದುವೆ ಅಂತ ಎರಡು ವಾರ ಬಿಟ್ಟು ಮತ್ತೆ ಓಡಿದಾಗ ಏದುಸಿರು ಬರುವುದರಲ್ಲಿ ಇದರ ಪಾಲು ದೊಡ್ಡದು.

ಹಾಗಂತ ಪ್ಲಾಸ್ಮಾ ಒಂದನ್ನೇ ಹಿಗ್ಗಿಸಿದರೆ ಕೊಬ್ಬು ಉರಿಸುವ ಯಂತ್ರ ಆಗಿಬಿಡುತ್ತೇವೆ ಅಂತಲ್ಲ. ಕೊಬ್ಬು ಉರಿಯುವುದು ಸ್ನಾಯುವಿನ ಮೈಟೊಕಾಂಡ್ರಿಯಾದಲ್ಲಿ, ಅಂದರೆ ಜೀವಕೋಶದೊಳಗಿನ ಪುಟ್ಟ ಒಲೆಗಳಲ್ಲಿ. ಅವು ಹೆಚ್ಚಾಗಲು ವಾರಗಟ್ಟಲೆ, ತಿಂಗಳುಗಟ್ಟಲೆ ಓಡಬೇಕು. ಬೇರೆ ದಾರಿ ಇಲ್ಲ.

ಒ ಪಾಸಿಟಿವ್:

ನಾನು ವರ್ಷಕ್ಕೆ ಎರಡು ಮೂರು ಸಲ ರಕ್ತ ಕೊಡುತ್ತೇನೆ. ಕೊಟ್ಟ ಮೇಲೆ ಕೆಲವು ದಿನ ನನ್ನ ಮಾಮೂಲಿ ಓಟವೇ ಭಾರ ಅನಿಸುತ್ತದೆ, ಉಸಿರು ಮೇಲಕ್ಕೆ ಬರುತ್ತದೆ. ನೀರು ಚೆನ್ನಾಗಿಯೇ ಕುಡಿಯುತ್ತೇನೆ. ಹಾಗಾದರೆ ಇದು ಯಾಕೆ? ರಕ್ತದಾನ ಬಿಡುವ ಯೋಚನೆ ಇಲ್ಲ, ತಿಳಿದುಕೊಳ್ಳಲು ಕೇಳುತ್ತಿದ್ದೇನೆ.

ಲೆಕ್ಕಾಚಾರ:

ನಮ್ಮಲ್ಲಿ ಒಂದು ಸಲಕ್ಕೆ 350 ಅಥವಾ 450 ಎಂಎಲ್ ತೆಗೆಯುತ್ತಾರೆ. 450 ಅಂದರೆ 5 ಲೀಟರಿನಲ್ಲಿ 9%. ಪ್ಲಾಸ್ಮಾ ಒಂದೆರಡು ದಿನದಲ್ಲಿ ತುಂಬಿಕೊಳ್ಳುತ್ತದೆ. ಕೆಂಪುಕಣ ತುಂಬಲು ವಾರಗಳು ಬೇಕು. ಹಾಗಾಗಿ ಮೂರನೇ ದಿನದ ಹೊತ್ತಿಗೆ ರಕ್ತದ ಅಳತೆ ಸರಿ ಇದ್ದರೂ ತೆಳುವಾಗಿರುತ್ತದೆ, ಲೀಟರಿಗೆ ಹೊರುವ ಆಕ್ಸಿಜನ್ ಕಮ್ಮಿ. ನಿಮ್ಮ ಗರಿಷ್ಠ ಸಾಮರ್ಥ್ಯ ಸ್ವಲ್ಪ ಇಳಿದಿರುತ್ತದೆ, ಓಟದ ವೇಗ ಮಾತ್ರ ಹಳೆಯದೇ. ಮೊದಲು 65% ಶ್ರಮ ಕೇಳುತ್ತಿದ್ದ ವೇಗ ಈಗ 70% ಕೇಳಿದ ಹಾಗೆ. ಶ್ರಮದ ಪಾಲು ಏರಿದಷ್ಟೂ ಇಂಧನ ಕೊಬ್ಬಿನಿಂದ ಸಕ್ಕರೆ ಕಡೆಗೆ ವಾಲುತ್ತದೆ. 1994ರಲ್ಲಿ ಜಾರ್ಜ್ ಬ್ರೂಕ್ಸ್ ಮತ್ತು ಜಾಕ್ ಮರ್ಸಿಯರ್ ಇದನ್ನೇ ಗ್ರಾಫ್ ಹಾಕಿ ವಿವರಿಸಿದ್ದು.

ಸಕ್ಕರೆಗೆ ಒಂದು ಅನುಕೂಲ ಇದೆ. ಒಂದು ಲೀಟರ್ ಆಕ್ಸಿಜನ್‌ನಲ್ಲಿ ಸಕ್ಕರೆ ಉರಿದರೆ ಸುಮಾರು 5 ಕ್ಯಾಲೊರಿ ಸಿಗುತ್ತದೆ, ಕೊಬ್ಬು ಉರಿದರೆ ಸುಮಾರು 4.7. ಆಕ್ಸಿಜನ್ ಬಿಗಿಯಾದಾಗ ಸಕ್ಕರೆ ಉರಿಸುವುದೇ ಲಾಭ.

ರಕ್ತ ಕೊಟ್ಟ ದಿನ ಓಡಬೇಡಿ. ಒಂದೆರಡು ವಾರ ವೇಗ ನೋಡದೆ ಹಾರ್ಟ್ ರೇಟ್ ನೋಡಿಕೊಂಡು ಆರಾಮಾಗಿ ಓಡಿ. ರೇಸ್ ಇದ್ದರೆ ಅದು ಮುಗಿದ ಮೇಲೆ ಕೊಡಿ. ಕೊಡುವುದನ್ನು ಮಾತ್ರ ಬಿಡಬೇಡಿ.

ಚಾಮುಂಡಿ ಮೆಟ್ಟಿಲು:

ನನಗೆ ಯಾರೂ ರಕ್ತ ತೆಗೆದಿಲ್ಲ, ಆದರೂ ಇದೇ ಪಾಡು. ವಾರದ ಕೊನೆಯಲ್ಲಿ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುತ್ತೇನೆ. ನಂದಿ ತಲುಪುವುದರೊಳಗೆ ತೊಡೆ ಉರಿ, ಕಣ್ಣು ಮಂಜು. ಹಿಮೋಗ್ಲೋಬಿನ್ 10.2 ಬಂದಿದೆ. ನಮ್ಮ ಗುಂಪಿನಲ್ಲಿ ಒಬ್ಬರು "ವ್ಯಾಯಾಮ ಮಾಡುವವರಿಗೆ ಕಮ್ಮಿ ತೋರಿಸುವುದು ಸಹಜ, ತಲೆ ಕೆಡಿಸಿಕೊಳ್ಳಬೇಡಿ" ಅಂದರು. ಹೌದಾ?

ತುಂಗಾತೀರದ ಓಟ:

ಅಕ್ಕ, ದಯವಿಟ್ಟು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅವರು ಹೇಳಿದ್ದರಲ್ಲಿ ಒಂದು ಸತ್ಯ ಇದೆ. ಓಟ ಶುರು ಮಾಡಿದವರಲ್ಲಿ ಪ್ಲಾಸ್ಮಾ ಮೊದಲು ಹಿಗ್ಗುತ್ತದೆ, ಕೆಂಪುಕಣ ನಿಧಾನವಾಗಿ ಹಿಂದೆ ಬರುತ್ತವೆ. ಹಾಗಾಗಿ ಒಟ್ಟು ಕೆಂಪುಕಣ ಕಮ್ಮಿಯಾಗದೇ ಇದ್ದರೂ ರಿಪೋರ್ಟಿನಲ್ಲಿ ಅಂಕಿ ಸ್ವಲ್ಪ ಇಳಿದು ಕಾಣುತ್ತದೆ. ಗರ್ಭಿಣಿಯರಲ್ಲೂ ಹೀಗೇ ಪ್ಲಾಸ್ಮಾ 40-50% ಏರುತ್ತದೆ, ಅದಕ್ಕೇ ಅವರಿಗೆ ರಕ್ತಹೀನತೆಯ ಗೆರೆಯನ್ನು 12ರ ಬದಲು 11ಕ್ಕೆ ಎಳೆದಿದ್ದಾರೆ. ಆದರೆ ಹೀಗೆ ತರಬೇತಿಯಿಂದ ಪ್ಲಾಸ್ಮಾ ಹಿಗ್ಗಿ ರಕ್ತ ತೆಳುವಾದವರು ಚೆನ್ನಾಗಿ ಓಡುತ್ತಾರೆ, ಅವರಿಗೆ ಕಣ್ಣು ಮಂಜಾಗಲ್ಲ. 10.2 ಜೊತೆಗೆ ನೀವು ಹೇಳಿದ ಲಕ್ಷಣ ಇದ್ದರೆ ಅದು ನಿಜವಾದ ರಕ್ತಹೀನತೆಯೇ ಇರಬಹುದು. ಕೇಂದ್ರದ ಕುಟುಂಬ ಆರೋಗ್ಯ ಸಮೀಕ್ಷೆಯ 5ನೇ ಸುತ್ತಿನಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಜನಕ್ಕೆ ರಕ್ತಹೀನತೆ ಇತ್ತು. ಇಷ್ಟು ಜನಕ್ಕೆ ಇದೆ ಅಂದ ಮಾತ್ರಕ್ಕೆ ಅದು ಸಹಜ ಆಗಲ್ಲ.

ಕಬ್ಬಿಣ ಬೇಕಾಗಿರುವುದು ರಕ್ತಕ್ಕಷ್ಟೇ ಅಲ್ಲ. ಸ್ನಾಯುವಿನ ಒಳಗೆ ಆಕ್ಸಿಜನ್ ಹಿಡಿಯಲು, ಉರಿಸಲು ಕೂಡ ಬೇಕು. ಕಬ್ಬಿಣ ಇಲ್ಲದಿದ್ದರೆ ಎರಡನೇ ಮೆಟ್ಟಿಲ ಸಾಲಿಗೇ ದೇಹ ಸಕ್ಕರೆ ಮೇಲೆ ಬೀಳುತ್ತದೆ, ಸಕ್ಕರೆ ಬಿರುಸಾಗಿ ಒಡೆದಾಗ ಹುಟ್ಟುವ ಲ್ಯಾಕ್ಟೇಟ್ ಬೇಗ ಏರುತ್ತದೆ, ಕೈಕಾಲು ಬೇಗ ಸೋಲುತ್ತದೆ. ಡಾಕ್ಟರ್ ಹತ್ತಿರ ಹೋಗಿ ಫೆರಿಟಿನ್ (ಮೈಯಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಅಂತ ತೋರಿಸುವ ರಕ್ತಪರೀಕ್ಷೆ) ನೋಡಿಸಿ, ರಕ್ತ ಎಲ್ಲಿಂದಾದರೂ ಹೋಗುತ್ತಿದೆಯಾ ಅಂತಲೂ ನೋಡಿಸಿ. ಊಟ ಆದ ತಕ್ಷಣ ಕಾಫಿ ಟೀ ಬೇಡ, ಸೊಪ್ಪು ಕಾಳಿನ ಜೊತೆ ನಿಂಬೆಹಣ್ಣು ಹಿಂಡಿಕೊಳ್ಳಿ. ಅಂಕಿ ಮೇಲೆ ಬರುವವರೆಗೆ ಮೆಟ್ಟಿಲು ನಿಧಾನ.

ದುಬೈ ಕನ್ನಡಿಗ:

ಇಲ್ಲಿ ಸೆಕೆ ಶುರುವಾದ ಮೊದಲ ದಿನಗಳಲ್ಲಿ ಓಡಲಿಕ್ಕೇ ಆಗಲ್ಲ. ಆಮೇಲೆ ಅದೇ ಸೆಕೆಯಲ್ಲಿ ಸಲೀಸಾಗಿ ಓಡುತ್ತೇವೆ. ಬೆವರು ಮಾತ್ರ ಮೊದಲಿಗಿಂತ ಜಾಸ್ತಿ ಬರುತ್ತದೆ. ಬೆವರು ಜಾಸ್ತಿ ಆದರೆ ರಕ್ತ ಇನ್ನೂ ಕಮ್ಮಿ ಆಗಬೇಕಲ್ವಾ?

ತುಂಗಾತೀರದ ಓಟ:

ಸೆಕೆಯಲ್ಲಿ ದಿನಾ ಓಡಿದರೆ ಮೊದಲ ವಾರದಲ್ಲೇ ದೇಹ ಉಪ್ಪು ನೀರು ಹಿಡಿದಿಟ್ಟು ಪ್ಲಾಸ್ಮಾ ಹಿಗ್ಗಿಸುತ್ತದೆ. ಬೆವರಿನಲ್ಲಿ ಉಪ್ಪಿನ ಅಂಶ ಇಳಿಯುತ್ತದೆ, ಗಡ್ಡದ ಮೇಲೆ ಬಿಳಿ ಪುಡಿ ಕೂರುವುದು ಕಮ್ಮಿಯಾಗುವುದನ್ನು ನೀವೂ ನೋಡಿರಬಹುದು. ಬೆವರು ಬೇಗ ಶುರುವಾಗುತ್ತದೆ, ಜಾಸ್ತಿ ಬರುತ್ತದೆ, ಆದರೆ ಓಟ ಶುರು ಮಾಡುವಾಗಲೇ ಮೈಯಲ್ಲಿ ರಕ್ತ ಜಾಸ್ತಿ ಇರುತ್ತದೆ. ಹಾರ್ಟ್ ರೇಟ್ ಇಳಿಯುತ್ತದೆ, ಮೈ ತಣ್ಣಗಿರುತ್ತದೆ. ಹೀಗೆ ಹೊಂದಿಕೊಂಡವರಲ್ಲಿ ಅದೇ ಕೆಲಸಕ್ಕೆ ಗ್ಲೈಕೋಜನ್ ಖರ್ಚು ಕಮ್ಮಿ ಅಂತ 1980ರ ದಶಕದ ಪ್ರಯೋಗಗಳಲ್ಲೇ ಕಂಡಿತ್ತು. ಆದರೆ ಸೆಕೆ ಬಿಟ್ಟು ಕೆಲವು ವಾರ ಆದರೆ ಈ ಲಾಭ ಕರಗಿ ಹೋಗುತ್ತದೆ. ಬೆಂಗಳೂರಿನ ತಂಪಿನಲ್ಲಿ ಓಡಿ ನೇರ ಮಂಗಳೂರಿಗೆ ರೇಸ್ ದಿನ ಇಳಿಯುವವರು ಇದನ್ನು ಗಮನಿಸಿ, ಸಾಧ್ಯವಾದರೆ ಒಂದು ವಾರ ಮೊದಲೇ ಹೋಗಿ ಅಲ್ಲಿನ ಧಗೆಯಲ್ಲಿ ನಿಧಾನವಾಗಿ ಓಡಿ.

ಹಾಸನದ ಹುಡುಗ:

ಜಾಕೆಟ್ ಇವತ್ತೇ ಬಿಟ್ಟೆ ಸರ್. ಹಾಗಾದ್ರೆ ಎಷ್ಟು ನೀರು ಕುಡೀಬೇಕು? ಜಾಸ್ತಿ ಕುಡಿದಷ್ಟೂ ಒಳ್ಳೇದಾ?

ಲೆಕ್ಕಾಚಾರ:

ಅಲ್ಲ! ಇದನ್ನು ಜೋರಾಗಿಯೇ ಹೇಳುತ್ತೇನೆ. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ 488 ಓಟಗಾರರ ರಕ್ತ ಪರೀಕ್ಷೆ ಮಾಡಿದಾಗ 13% ಜನರಲ್ಲಿ ಸೋಡಿಯಂ, ಅಂದರೆ ರಕ್ತದಲ್ಲಿರುವ ಉಪ್ಪಿನ ಅಂಶ, ಇರಬೇಕಾದ ಮಟ್ಟಕ್ಕಿಂತ ಕೆಳಗಿತ್ತು. ಮುಖ್ಯ ಕಾರಣ, ಓಡುವಾಗ ಬೆವರಿಗಿಂತ ಜಾಸ್ತಿ ಕುಡಿದು ತೂಕ ಏರಿಸಿಕೊಂಡದ್ದು. ಸೋಡಿಯಂ ತೀರಾ ಇಳಿದರೆ ಮಿದುಳು ಊದಿಕೊಂಡು ಜೀವಕ್ಕೇ ಸಂಚಕಾರ.

ನಿನ್ನ ಬೆವರನ್ನು ನೀನೇ ಅಳೆದುಕೋ. ಓಟಕ್ಕೆ ಮೊದಲು ಮೂತ್ರ ಮಾಡಿ, ಬಟ್ಟೆ ಕಡಿಮೆ ಹಾಕಿ ತೂಕ ನೋಡು. ಒಂದು ಗಂಟೆ ಓಡು. ಬಂದು ಮೈ ಒರೆಸಿಕೊಂಡು ಮತ್ತೆ ತೂಕ ನೋಡು. ಇಳಿದ ತೂಕಕ್ಕೆ ನಡುವೆ ಕುಡಿದ ನೀರಿನ ತೂಕ ಸೇರಿಸಿದರೆ ಅದು ಗಂಟೆಯ ಬೆವರು. ಓಟದಲ್ಲಿ ಅಷ್ಟನ್ನೂ ಕುಡಿಯಬೇಕಾಗಿಲ್ಲ, ತೂಕ 2%ಗಿಂತ ಜಾಸ್ತಿ ಇಳಿಯದಂತೆ, ಯಾವತ್ತೂ ಏರದಂತೆ ನೋಡಿಕೊಂಡರೆ ಸಾಕು. 70 ಕೆಜಿಗೆ 2% ಅಂದರೆ 1.4 ಕೆಜಿ. ಗಂಟೆಯೊಳಗಿನ ಬೆಳಗಿನ ಓಟಕ್ಕೆ ಬಾಯಾರಿದಾಗ ಕುಡಿದರೆ ಸಾಕಾಗುತ್ತದೆ. ಅದಕ್ಕಿಂತ ಉದ್ದದ ಓಟಕ್ಕೆ ಉಪ್ಪು ಹಾಕಿದ ನಿಂಬೆ ಪಾನಕ ಒಯ್ಯಿ. ಜಾಕೆಟ್ ಇಲ್ಲದ ದಿನದ ಅಂಕಿ ಇಲ್ಲಿ ಹಾಕು, ಲೆಕ್ಕ ನಾನು ಮಾಡಿ ಕೊಡುತ್ತೇನೆ.